ದಾಕ್ಷಿಣ್ಯದ ಸೀಮೆ

ಆ ಸೀಮೆಯವರಷ್ಟು ಮರ್ಯಾದಸ್ಥರು ಭೂಮಿಯ ಮೇಲೆ ಬೇರೆಲ್ಲೂ ಸಿಗುವುದಿಲ್ಲ. ಹೊರಗಿನವರು ಯಾರೋ ಬಂದು ಹೊಗಳಿ ಹೋದ ಮಾತಲ್ಲ ಇದು. ಅವರೇ ತಮ್ಮ ಬಗ್ಗೆ ಹೇಳಿಕೊಳ್ಳುವುದು, ಅದೂ ಕೇಳಿದವರಿಗೂ ಕೇಳದವರಿಗೂ. ಯಾರ ಮುಖಕ್ಕೂ ಹೊಡೆದ ಹಾಗೆ ‘ಆಗೋದಿಲ್ಲ’ ಅಂದ ಜನವೇ ಅಲ್ಲ. ಏಣಿ ಎರವಲು ಕೇಳಿದರೆ ‘ಆಗಲಿ’, ಹೆಣ್ಣು ಕೇಳಿದರೆ ‘ಆಗಲಿ’. ಆಮೇಲೆ ಏಣಿಯೂ ಸಿಗುವುದಿಲ್ಲ, ಹೆಣ್ಣೂ ಸಿಗುವುದಿಲ್ಲ, ಅದು ಬೇರೆ ವಿಷಯ. ಬರೀ ‘ಆಗಲಿ’ ಅಂದರೆ ಅರ್ಧ ಆಸೆ ಇಟ್ಟುಕೊಳ್ಳಬಹುದು. ‘ಆಗಲಿ, ನೋಡೋಣ’ ಅಂದರೆ ಆಗುವುದಿಲ್ಲ. ‘ಆಗಲಿ, ಖಂಡಿತ ಆಗಲಿ’ ಅಂದರಂತೂ ಕೇಳಿದ್ದನ್ನೇ ಮರೆತುಬಿಡಬೇಕು. ಇಷ್ಟು ತಿಳಿದುಕೊಂಡರೆ ಅಲ್ಲಿ ಸುಖವಾಗಿ ಬಾಳಬಹುದು. ಇದನ್ನು ಅವರು ‘ನಮ್ಮ ಸೀಮೆಯ ಸಂಸ್ಕೃತಿ’ ಅನ್ನುತ್ತಾರೆ.

ಇಂಥವರು ರಾಜಕೀಯ ಮಾಡಿದರೆ ಹೇಗಿರಬೇಡ! ಸೀಮೆ ಸಮಿತಿಗೆ ಅಧ್ಯಕ್ಷರ ಚುನಾವಣೆ ಅಂತ ಒಂದು ಇತ್ತು, ಆದರೆ ಓಟು ಹಾಕಿದ ನೆನಪು ಬದುಕಿರುವ ಯಾರಿಗೂ ಇರಲಿಲ್ಲ. ಒಬ್ಬರ ಎದುರು ಇನ್ನೊಬ್ಬರು ನಿಲ್ಲುವುದು ಎಂದರೆ ಏನು ಅಸಹ್ಯ, ಛೆ! ಹಾಗಂತ ಒಬ್ಬರೇ ನಿಂತರೆ ಪೇಟೆಯ ಪತ್ರಿಕೆಯವರು ಪ್ರಜಾಪ್ರಭುತ್ವ ಇಲ್ಲ ಅಂತ ಬರೆದುಬಿಡುತ್ತಾರೆ. ಅದಕ್ಕೇ ಒಂದು ಏರ್ಪಾಡು. ಅಧ್ಯಕ್ಷರು ಅರ್ಜಿ ಹಾಕುವುದು, ಔಷಧಿ ಅಂಗಡಿಯವರು ಎದುರಾಳಿಯಾಗಿ ಅರ್ಜಿ ಹಾಕುವುದು. ವಾಪಸು ತೆಗೆದುಕೊಳ್ಳುವ ದಿನ ಸಮಿತಿಯ ಸಭಾಂಗಣದಲ್ಲಿ ಎಲ್ಲರೂ ಸೇರುವುದು. ಅಧ್ಯಕ್ಷರು ಎದ್ದು, ‘ನನಗೂ ವಯಸ್ಸಾಯ್ತು, ನಾನೇ ಹಿಂದೆ ಸರೀತೀನಿ, ಬೇರೆಯವರು ಬರಲಿ’ ಅನ್ನುವುದು. ಸಭೆಯೆಲ್ಲ ‘ಅಯ್ಯೋ, ಎಲ್ಲಾದರೂ ಉಂಟೇ’ ಎಂದು ಹಾಹಾಕಾರ ಮಾಡುವುದು. ಅವರು ಇನ್ನೂ ಎರಡು ಸಲ ಬೇಡ ಬೇಡವೆಂದು, ಕೊನೆಗೆ ಕಣ್ಣೊರೆಸಿಕೊಂಡು ಒಪ್ಪುವುದು. ಔಷಧಿ ಅಂಗಡಿಯವರು ತಮ್ಮ ಅರ್ಜಿ ವಾಪಸು ತೆಗೆದುಕೊಳ್ಳುವುದು. ಚಪ್ಪಾಳೆ. ಆ ಅಧ್ಯಕ್ಷರನ್ನು ಊರೆಲ್ಲ ದೊಡ್ಡವರು ಅನ್ನುತ್ತಿತ್ತು. ಅವರು ಆ ಕುರ್ಚಿಯಲ್ಲಿ ಕೂತಾಗ ತಲೆಯಲ್ಲಿ ದಟ್ಟ ಕೂದಲಿತ್ತು, ಈಗ ಇಲ್ಲ.

ಟೀಚರಮ್ಮನಿಗೆ ಇದ್ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಅವಳಿಗೆ ಆಸಕ್ತಿ ಇದ್ದದ್ದು ಮೂಗು, ಚಪ್ಪಲಿ, ಚಡ್ಡಿ ಗುಂಡಿ. ಸಮಿತಿಯ ಕಟ್ಟಡದ ಹಿಂಭಾಗದ ಎರಡು ಕೋಣೆಯಲ್ಲಿ ಅವಳು ಇಪ್ಪತ್ತೈದು ವರ್ಷದಿಂದ ಮಕ್ಕಳ ಮನೆ ನಡೆಸುತ್ತಿದ್ದಳು. ಹೆಸರಿಗೆ ಸಮಿತಿಯದು, ಕೆಲಸಕ್ಕೆ ಅವಳದು ಮತ್ತು ಆಯಮ್ಮನದು. ಓದಲು ಬಾರದ ಮಕ್ಕಳಿಗೆ ಗುರುತು ಸಿಗಲಿ ಎಂದು ಪ್ರತಿ ಟವೆಲಿನ ಮೂಲೆಗೂ ಒಂದೊಂದು ಚಿತ್ರ ಹೊಲಿದಿದ್ದಳು: ಒಂದಕ್ಕೆ ಆಮೆ, ಒಂದಕ್ಕೆ ಛತ್ರಿ, ಒಂದಕ್ಕೆ ಆನೆ ಅಂದುಕೊಂಡು ಹೊಲಿದು ಕೊನೆಗೆ ಹಂದಿಯಾದದ್ದು. ಊರಿನ ಮುಕ್ಕಾಲು ಹೆಂಗಸರು ಪ್ಯಾಕಿಂಗ್ ಕಾರ್ಖಾನೆಗೆ ಹೋಗುವವರು. ಮಕ್ಕಳ ಮನೆ ಇಲ್ಲದ ಕಾಲದಲ್ಲಿ ಅವರು ಮಕ್ಕಳನ್ನು ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕಿ ಹೋಗುತ್ತಿದ್ದರು. ಕಿಟಕಿಯ ಸರಳು ಹಿಡಿದುಕೊಂಡು ದಾರಿ ನೋಡುತ್ತ ನಿಂತ ಮಕ್ಕಳನ್ನು ಟೀಚರಮ್ಮ ಕಣ್ಣಾರೆ ಕಂಡಿದ್ದಳು. ಅದು ಮತ್ತೆ ಆಗಬಾರದು, ಅವಳಿಗೆ ಬೇಕಾದದ್ದು ಅಷ್ಟೇ.

ಒಂದು ಬೆಳಿಗ್ಗೆ ಇಬ್ಬರು ಟೇಪು ಹಿಡಿದು ಬಂದು ಗೋಡೆ ಅಳೆಯತೊಡಗಿದರು. ಏನು ಅಂತ ಕೇಳಿದರೆ, ‘ಏನಿಲ್ಲ ಟೀಚರಮ್ಮ, ಸುಮ್ನೆ’ ಅಂದರು. ಸುಮ್ಮನೆ ಗೋಡೆ ಅಳೆಯುವವರು ಯಾರಾದರೂ ಇದ್ದಾರೆಯೇ? ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಅವಳು ನೇರ ಮುಂಭಾಗದ ಕಚೇರಿಗೆ ಹೋಗಿ ಗಂಡನ ಮುಂದೆ ನಿಂತಳು. ಗಂಡ ಸಮಿತಿಯ ಗುಮಾಸ್ತ. ಸೀಮೆಯ ಮರ್ಯಾದೆಯೆಲ್ಲ ಒಬ್ಬನೇ ಗುತ್ತಿಗೆ ಹಿಡಿದ ಹಾಗಿದ್ದ, ಸೊಳ್ಳೆ ಕಚ್ಚಿದರೂ ಅದು ಕುಡಿದು ಮುಗಿಸುವವರೆಗೆ ಕಾಯುವ ಮನುಷ್ಯ.

“ಏನ್ರೀ ಅದು, ಗೋಡೆ ಅಳೀತಿದಾರಲ್ಲ?”

ಗುಮಾಸ್ತ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. “ನೀನು ಬೇಜಾರು ಮಾಡ್ಕೋಬಾರ್ದು.”

“ಆಯ್ತು, ಮಾಡ್ಕೊಳ್ಳಲ್ಲ, ಹೇಳಿ.”

“ಸಂಸ್ಕೃತಿ ಭವನ ಆಗುತ್ತಂತೆ. ದೊಡ್ಡವರ ತಂದೆಯವರ ಹೆಸರಲ್ಲಿ. ಹಿಂದಿನ ಎರಡು ಕೋಣೆ ಒಡೆದು ವೇದಿಕೆ ಮಾಡ್ತಾರಂತೆ. ಹೋದ ತಿಂಗಳ ಮೀಟಿಂಗಲ್ಲಿ ಒಮ್ಮತದಿಂದ ಪಾಸಾಯ್ತು.”

“ಹೋದ ತಿಂಗಳು! ಒಂದೇ ಮನೇಲಿ ಇದೀವಿ, ನನಗೊಂದು ಮಾತು ಹೇಳ್ಬಾರ್ದಾ?”

“ಹೇಳೋಣ ಅಂತಿದ್ದೆ. ನಿನ್ನ ಮುಖ ನೋಡಿದರೆ ಹೇಗೆ ಹೇಳೋದು ಅನ್ನಿಸ್ತಿತ್ತು” ಅಂದ ಗುಮಾಸ್ತ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅದನ್ನು ನೋಡಿ ಟೀಚರಮ್ಮನ ಕೋಪ ಇನ್ನಷ್ಟು ನೆತ್ತಿಗೇರಿತು.

ಅವಳು ಸಮಿತಿಯ ಸದಸ್ಯರ ಮನೆಮನೆ ಸುತ್ತಿದಳು. ಎಲ್ಲರೂ ಕೂರಿಸಿದರು, ಫ್ಯಾನು ಹಾಕಿದರು. ಎಲ್ಲರದೂ ಒಂದೇ ಹಾಡು: ‘ನಮಗೂ ಮನಸ್ಸಿಲ್ಲ ಕಣಮ್ಮ, ಆದ್ರೆ ವಕೀಲರು ಅಷ್ಟು ಪ್ರೀತಿಯಿಂದ ಹೇಳುವಾಗ ಹೇಗೆ ಬೇಡ ಅನ್ನೋದು?’ ಭವನದ ಮಾತು ಮೊದಲು ಎತ್ತಿದ್ದ ಆ ವಕೀಲರ ಮನೆಗೂ ಹೋದಳು. ಅವರೂ ಫ್ಯಾನು ಹಾಕಿದರು. ‘ನೋಡೀಮ್ಮ, ದೊಡ್ಡವರು ಇಷ್ಟು ವರ್ಷ ಸೇವೆ ಮಾಡಿದ್ದಾರೆ, ಅವರ ಅಪ್ಪನ ಹೆಸರಲ್ಲಿ ಏನೂ ಇಲ್ಲ ಅಂದ್ರೆ ನಮ್ಮ ಸಂಸ್ಕೃತಿಗೇ ಅವಮಾನ’ ಅಂದರು. ಮಕ್ಕಳು? ‘ಮಕ್ಕಳಿಗೆ ಏನಾದರೂ ಮಾಡೋಣ, ಖಂಡಿತ ಮಾಡೋಣ.’ ಆ ‘ಖಂಡಿತ’ ಕೇಳಿದ ಮೇಲೆ ಟೀಚರಮ್ಮ ಅಲ್ಲಿ ಕೂರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು, ಔಷಧಿ ಅಂಗಡಿಯವರು ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡರು. ಸೀಮೆಗೆ ಸಿಡಿಲು ಬಡಿದ ಹಾಗಾಯಿತು. ಎದುರಾಳಿ ಇಲ್ಲದೆ ಅವಿರೋಧ ಆಯ್ಕೆ ಮಾಡುವುದು ಹೇಗೆ? ಒಬ್ಬರನ್ನು ಕೇಳಿದರೆ ಮೈಲಿ ದೂರ ಹಾರಿದರು, ಇನ್ನೊಬ್ಬರು ಊರೇ ಬಿಟ್ಟರು. ಕೊನೆಗೆ ವಕೀಲರಿಗೆ ಬುದ್ಧಿ ಹೊಳೆಯಿತು: ಗುಮಾಸ್ತರ ಹೆಂಡತಿ! ಹೆಣ್ಣುಮಗಳು ನಿಂತರೆ ಪತ್ರಿಕೆಯಲ್ಲೂ ಚೆಂದ ಕಾಣುತ್ತದೆ. ಗುಮಾಸ್ತ ಮನೆಗೆ ಬಂದು ಎರಡು ದಿನ ಉಗುಳು ನುಂಗಿಕೊಂಡು ಓಡಾಡಿ, ಮೂರನೆಯ ದಿನ ಬಾಯಿಬಿಟ್ಟ. ಅವಳು ಒಪ್ಪಿಬಿಟ್ಟಳು. ಅವಳ ಲೆಕ್ಕಾಚಾರ ಇಷ್ಟೇ: ಎದುರಾಳಿಯಾದರೆ ದೊಡ್ಡವರ ಪಕ್ಕದ ಕುರ್ಚಿ ಸಿಗುತ್ತದೆ. ಎಲ್ಲರ ಮುಂದೆ ಅವರ ಕಿವಿಗೆ ಒಂದು ಮಾತು ಹಾಕಬಹುದು. ಅದಕ್ಕಿಂತ ದೊಡ್ಡ ದುರುದ್ದೇಶ ಅವಳಿಗೆ ಇರಲಿಲ್ಲ, ಹೇಳಿದರೆ ಈಗಲೂ ಯಾರೂ ನಂಬುವುದಿಲ್ಲ.

ಅರ್ಜಿ ವಾಪಸು ತೆಗೆದುಕೊಳ್ಳುವ ದಿನ ಸಭಾಂಗಣ ತುಂಬಿತ್ತು. ದೊಡ್ಡವರು ಬಂದು ಕೂತರು. ಟೀಚರಮ್ಮ ಬಾಯಿ ತೆರೆಯುವ ಮೊದಲೇ ವಕೀಲರು ಎದ್ದು ಸಂಸ್ಕೃತಿಯ ಮೇಲೆ ಮಾತಿಗಿಳಿದರು. ನಾವು ಮಿತಭಾಷಿಗಳು ಅನ್ನುವುದನ್ನು ಮುಕ್ಕಾಲು ಗಂಟೆ ಹೇಳಿದರು. ‘ಇದೇ ಕಟ್ಟಡದಲ್ಲಿ ಭವ್ಯ ಭವನ ಎದ್ದು ನಿಲ್ಲುತ್ತೆ, ಅದಕ್ಕೆ ನಮ್ಮ ಟೀಚರಮ್ಮನೇ ಸಂತೋಷದಿಂದ ಜಾಗ ಬಿಟ್ಟುಕೊಡ್ತಿದ್ದಾರೆ’ ಎಂದು ಅವಳ ಕಡೆ ತಿರುಗಿ ಹಲ್ಲು ಕಿರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಗುಮಾಸ್ತನೂ ತಟ್ಟಿದ. ಟೀಚರಮ್ಮನ ಮೈ ಉರಿದುಹೋಯಿತು.

ಆಮೇಲೆ ದೊಡ್ಡವರು ಎದ್ದರು. “ನನಗೂ ವಯಸ್ಸಾಯ್ತು. ಮಂಡಿ ನೋವು. ನಾನೇ ಹಿಂದೆ ಸರೀತೀನಿ, ಬೇರೆಯವರು ಬರಲಿ.”

ಸಭೆ ಉಸಿರೆಳೆದುಕೊಂಡು ಹಾಹಾಕಾರಕ್ಕೆ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ಟೀಚರಮ್ಮ ಎದ್ದಳು.

“ತುಂಬಾ ಒಳ್ಳೇದು. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ವಿಶ್ರಾಂತಿ ತಗೊಳ್ಳಿ. ಕಾಗದ ಇಲ್ಲೇ ಇದೆ, ರುಜು ಹಾಕಿಬಿಡಿ” ಅಂದಳು. ಔಷಧಿ ಅಂಗಡಿಯವರಿಗೆಂದು ಪ್ರತಿ ಸಲವೂ ಮೇಜಿನ ಮೇಲೆ ಇಡುತ್ತಿದ್ದ ವಾಪಸಾತಿ ಕಾಗದವನ್ನು ದೊಡ್ಡವರ ಮುಂದೆ ಸರಿಸಿದಳು. ಪೆನ್ನಿನ ಕ್ಯಾಪನ್ನೂ ತೆಗೆದುಕೊಟ್ಟಳು.

ಯಾರಾದರೂ ಒಬ್ಬರು ಎದ್ದು ‘ಬೇಡ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾರು ಅನ್ನಬೇಕು? ಹೆಂಗಸೊಬ್ಬಳು ಎದ್ದು ನಿಂತು ಮಾತಾಡುವಾಗ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದೇ? ದೊಡ್ಡವರು ಕಾಗದ ನೋಡಿದರು, ಅವಳನ್ನು ನೋಡಿದರು, ‘ಆಗಲಿ’ ಅಂದು ರುಜು ಹಾಕಿದರು.

ಹೀಗೆ ಟೀಚರಮ್ಮ ಸೀಮೆ ಸಮಿತಿಯ ಅಧ್ಯಕ್ಷೆಯಾದಳು, ಅದೂ ಅವಿರೋಧವಾಗಿ. ಮೊದಲ ಮೀಟಿಂಗಿನಲ್ಲಿ ‘ಭವನ ಬೇಡ, ಮಕ್ಕಳ ಮನೆ ಇರಲಿ’ ಅಂದಳು. ಎಲ್ಲರೂ ‘ಆಗಲಿ’ ಅಂದರು. ಒಮ್ಮತದಿಂದ ಪಾಸಾಯಿತು. ಇಷ್ಟು ಸಲೀಸಾಗಿ ಮುಗಿಯಿತಲ್ಲ ಎಂದು ಅವಳು ಆ ರಾತ್ರಿ ಕಾಲು ಚಾಚಿ ನಿದ್ದೆ ಮಾಡಿದಳು. ಪಾಪ!

ಮರುದಿನ ಛತ್ರಿ ಚಿತ್ರದ ಟವೆಲಿನ ಹುಡುಗಿ ಬರಲಿಲ್ಲ. ನೆಗಡಿಯಂತೆ. ಅದರ ಮರುದಿನ ಆಮೆಗೂ ಹಂದಿಗೂ ನೆಗಡಿ. ಒಬ್ಬರ ಮನೆಗೆ ಅತ್ತೆ ಬಂದರು, ಇನ್ನೊಬ್ಬರ ಮನೆಗೆ ನಾದಿನಿ ಬಂದಳು, ಮಗುವನ್ನು ನೋಡಿಕೊಳ್ಳುವವರು ಮನೆಯಲ್ಲೇ ಇದ್ದಾರಂತೆ. ಬೇಕರಿಯಾಕೆ ತನ್ನ ಮಗನ ಟವೆಲನ್ನು ‘ಒಗೆದು ತರ್ತೀನಿ ಟೀಚರಮ್ಮ’ ಅಂತ ನಗುನಗುತ್ತಾ ತೆಗೆದುಕೊಂಡು ಹೋದವಳು ಮತ್ತೆ ಆ ಬೀದಿಗೇ ಬರಲಿಲ್ಲ. ಎರಡನೆಯ ವಾರಕ್ಕೆ ಟವೆಲು ನೇತುಹಾಕುವ ಗೋಡೆಯ ಮೊಳೆಗಳೆಲ್ಲ ಖಾಲಿ. ಆಯಮ್ಮ ಗುಡಿಸಿದ ನೆಲವನ್ನೇ ಗುಡಿಸುತ್ತಿದ್ದಳು.

“ಏನಾಗಿದೆ ಇವರಿಗೆಲ್ಲ? ನೀನಾದರೂ ಹೇಳೇ” ಅಂದಳು ಟೀಚರಮ್ಮ.

ಆಯಮ್ಮ ಪೊರಕೆ ಊರಿಕೊಂಡು ನಿಂತಳು. “ನೀವು ಬೇಜಾರು ಮಾಡ್ಕೋಬಾರ್ದು.”

“ಈ ಊರಲ್ಲಿ ಮುಂದಿನ ಸಲ ಯಾರಾದರೂ ಆ ಮಾತಂದ್ರೆ ನಾನು ನಿಜವಾಗ್ಲೂ ಕಚ್ಚಿಬಿಡ್ತೀನಿ!”

“ಅಷ್ಟು ದೊಡ್ಡ ಮನುಷ್ಯರನ್ನ ತುಂಬಿದ ಸಭೇಲಿ ಕುರ್ಚಿಯಿಂದ ಎಬ್ಬಿಸಿದಾಳೆ, ಇಂಥವಳ ಹತ್ರ ಮಕ್ಕಳು ಏನು ಮರ್ಯಾದೆ ಕಲಿತಾವು ಅಂತಾರಮ್ಮ. ಎಲ್ಲರೂ ಅಂತಾರೆ. ನಿಮ್ಮ ಮುಂದೆ ಅನ್ನಲ್ಲ, ಅಷ್ಟೇ.”

ಬೈದಿದ್ದರೆ ಟೀಚರಮ್ಮ ತಿರುಗಿ ಬೈಯಬಹುದಿತ್ತು. ಬಾಗಿಲಿಗೆ ಬಂದು ಜಗಳ ಆಡಿದ್ದರೆ ಸೆರಗು ಸಿಕ್ಕಿಸಿಕೊಂಡು ನಿಲ್ಲಬಹುದಿತ್ತು. ನೆಗಡಿಯ ಜೊತೆ ಯಾರು ಜಗಳ ಆಡುತ್ತಾರೆ? ಸಾಲದ್ದಕ್ಕೆ ಗುಮಾಸ್ತ ಮೆಲ್ಲಗೆ ಇನ್ನೊಂದು ಸುದ್ದಿ ತಂದ: ಮಕ್ಕಳೇ ಇಲ್ಲದ ಮಕ್ಕಳ ಮನೆ ಯಾಕೆ ಅಂತ ವಕೀಲರು ಮುಂದಿನ ಮೀಟಿಂಗಿನಲ್ಲಿ ತುಂಬಾ ನೋವಿನಿಂದ ಕೇಳುವವರಿದ್ದಾರೆ. ಎಲ್ಲರೂ ಈಗಾಗಲೇ ‘ಆಗಲಿ’ ಅಂದಾಗಿದೆ. ಅವಳು ಕಾರ್ಖಾನೆಯ ದಾರಿ ಹಿಡಿದು ಬರುವಾಗ ಒಂದು ಮನೆಯ ಕಿಟಕಿಯಲ್ಲಿ ಛತ್ರಿ ಟವೆಲಿನ ಹುಡುಗಿ ಸರಳು ಹಿಡಿದು ನಿಂತಿದ್ದಳು. ನೆಗಡಿಯೂ ಇರಲಿಲ್ಲ, ಮನೆಯಲ್ಲಿ ಅತ್ತೆಯೂ ಇರಲಿಲ್ಲ. ಬಾಗಿಲಿಗೆ ಹೊರಗಿಂದ ಬೀಗ ಇತ್ತು. ಟೀಚರಮ್ಮ ಬೀದಿಯಲ್ಲೇ ನಿಂತು ಅತ್ತುಬಿಟ್ಟಳು.

ಮರುದಿನ ಸಂಜೆ ದೊಡ್ಡವರು ಬಂದರು. ಖಾಲಿ ಕೋಣೆಯಲ್ಲಿ ಮಕ್ಕಳ ಕುರ್ಚಿ ಬಿಟ್ಟರೆ ಬೇರೆ ಇರಲಿಲ್ಲ. ಅದರಲ್ಲೇ ಮಂಡಿ ಗಲ್ಲಕ್ಕೆ ತಾಗುವ ಹಾಗೆ ಕೂತರು. ಟೀಚರಮ್ಮ ಗೋಡೆಗೆ ಒರಗಿ ನಿಂತಳು. ಉಗಿಯಲು ಬಂದಿದ್ದಾರೆ, ಉಗಿಯಲಿ, ಅದಾದರೂ ಒಂದು ಆಗಲಿ ಅಂದುಕೊಂಡಳು.

“ನಿಮಗೊಂದು ಮಾತು ಹೇಳ್ಬೇಕಿತ್ತಮ್ಮ” ಅಂದರು ದೊಡ್ಡವರು. “ಆ ದಿನ ನಾನು ಮನೆಗೆ ಹೋಗಿ ಹೊಟ್ಟೆತುಂಬ ಊಟ ಮಾಡಿದೆ.”

“ಅಂದ್ರೆ?”

“ನನಗೆ ಆ ಕುರ್ಚಿ ಯಾವತ್ತೂ ಬೇಕಿರಲಿಲ್ಲ. ಮೊದಲ ಸಲ ಕೂರಿಸಿದಾಗಲೇ ಬೇಕಿರಲಿಲ್ಲ. ಪ್ರತಿ ಸಲ ಹಿಂದೆ ಸರೀತೀನಿ ಅಂತ ನಾನು ನಿಜವಾಗ್ಲೂ ಹೇಳ್ತಿದ್ದೆ. ಎಲ್ಲರೂ ಅಷ್ಟು ಪ್ರೀತಿಯಿಂದ ಕೂತ್ಕೊಳ್ಳಿ ಅನ್ನುವಾಗ ಹೇಗೆ ಬೇಡ ಅನ್ನೋದು? ನನ್ನ ಮಾತನ್ನ ಮಾತು ಅಂತ ತಗೊಂಡವರು ನೀವೊಬ್ಬರೇ.”

“ಮತ್ತೆ ಭವನ?”

“ಅಯ್ಯೋ, ಅದು ಯಾರಿಗೆ ಬೇಕು? ವಕೀಲರು ನನ್ನನ್ನ ಖುಷಿಪಡಿಸೋಣ ಅಂತ ಅಪ್ಪನ ಹೆಸರು ಎತ್ತಿದರು. ಅಪ್ಪನ ಹೆಸರು ಬೇಡ ಅಂತ ಮಗನಾಗಿ ನಾನು ಹೇಗಮ್ಮ ಅನ್ನಲಿ? ನಮ್ಮಪ್ಪನಿಗೆ ಭಾಷಣ ಅಂದ್ರೆ ತಲೆನೋವು ಬರ್ತಿತ್ತು.”

ಟೀಚರಮ್ಮನಿಗೆ ನಗಬೇಕೋ ಮೈ ಪರಚಿಕೊಳ್ಳಬೇಕೋ ತಿಳಿಯಲಿಲ್ಲ. ಕೊನೆಗೆ ಬಂದದ್ದು ಸಿಟ್ಟು. “ನಿಮಗೆ ಬೇಡ, ಅವರಿಗೆ ಬೇಡ, ಯಾರಿಗೂ ಬೇಡದ್ದನ್ನ ಕಟ್ಟೋದಕ್ಕೆ ನನ್ನ ಮಕ್ಕಳನ್ನ ಬೀದಿಗೆ ಹಾಕೋಕೆ ಹೊರಟಿದ್ರಲ್ಲ! ನಾಚಿಕೆ ಆಗಬೇಕು ನಿಮಗೆ. ಇಷ್ಟು ವಯಸ್ಸಾಗಿದೆ, ಒಂದು ‘ಬೇಡ’ ಬಾಯಿಂದ ಹೊರಡಲ್ಲ ಅಂದ್ರೆ ಆ ಬಾಯಿ ಯಾಕೆ ಇಟ್ಕೊಂಡಿದ್ದೀರಿ? ನಿನ್ನೆ ಮೂರು ವರ್ಷದ ಮಗು ಬೀಗ ಹಾಕಿದ ಮನೇಲಿ ಒಬ್ಬಳೇ ನಿಂತಿದ್ದಳು, ಗೊತ್ತಾ? ಹೋಗಿ, ಇದನ್ನೆಲ್ಲ ನಾಳೆ ನಾಲ್ಕು ಜನರ ಮುಂದೆ ಹೇಳಿ!”

ದೊಡ್ಡವರು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದರು. ಅಷ್ಟು ವರ್ಷದಲ್ಲಿ ಅವರನ್ನು ಯಾರೂ ಬೈದಿರಲಿಲ್ಲ ಅಂತ ಕಾಣುತ್ತದೆ, ಅವರ ಮುಖಕ್ಕೆ ಒಂದು ಬಗೆಯ ಕಳೆ ಬಂದಿತ್ತು. “ನಾಲ್ಕು ಜನರ ಮುಂದೆ ಹೇಳೋದು ನನ್ನ ಕೈಲಾಗಲ್ಲಮ್ಮ” ಅಂದರು. “ಇಷ್ಟು ವರ್ಷ ಕೂರಿಸಿದವರಿಗೆ ನೋವಾಗುತ್ತೆ.” ಗೋಡೆ ಹಿಡಿದುಕೊಂಡು ಎದ್ದು ಹೋದರು. ಅವರ ಬೆನ್ನು ನೋಡುತ್ತಾ ಟೀಚರಮ್ಮ ಎಲ್ಲ ಮುಗಿಯಿತು ಅಂದುಕೊಂಡಳು.

ಬೆಳಿಗ್ಗೆ ಅವಳು ಬೀಗ ತೆಗೆಯುತ್ತಿದ್ದಾಗ ಬೀದಿಯ ಆ ತುದಿಯಿಂದ ಕಿರುಚಾಟ ಕೇಳಿಸಿತು. ದೊಡ್ಡವರು ತಮ್ಮ ಮೊಮ್ಮಗಳನ್ನು ಕಂಕುಳಲ್ಲಿ ಅವುಚಿಕೊಂಡು ಕುಂಟುತ್ತಾ ಬರುತ್ತಿದ್ದರು. ಆ ಮನೆಯ ಮಕ್ಕಳು ಯಾವತ್ತೂ ಇಲ್ಲಿಗೆ ಬಂದವರಲ್ಲ, ಅವರನ್ನು ಆಡಿಸಲು ಮನೆತುಂಬ ಜನ. ಹುಡುಗಿ ಕಾಲು ಝಾಡಿಸುತ್ತಾ ಊರಿಗೆಲ್ಲ ಕೇಳುವ ಹಾಗೆ ಅರಚುತ್ತಿತ್ತು: “ನಂಗೆ ಬೇಡ! ನಾ ಬರಲ್ಲ! ಬೇಡ, ಬೇಡ, ಬೇಡ!” ಕಿಟಕಿಗಳು ತೆರೆದವು. ಬೇಕರಿಯಾಕೆ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಹುಡುಗಿಯ ಚಪ್ಪಲಿಯೊಂದು ಹಾರಿ ದೊಡ್ಡವರ ತಲೆಯ ಮೇಲೆ ಬಿತ್ತು, ಅವರು ಅದನ್ನು ಎತ್ತಿಕೊಂಡು ಮುಂದೆ ನಡೆದರು.

ಟೀಚರಮ್ಮನ ಕೈಗೆ ಮಗುವನ್ನು ಕೊಡುವಾಗ ಅವರಿಗೆ ಏದುಸಿರು. “ಇನ್ನು ದಿನಾ ಬರ್ತಾಳೆ” ಅಂದರು. ಆಮೇಲೆ ಸುತ್ತ ನೋಡಿ, ಸ್ವರ ತಗ್ಗಿಸಿ, “ಏನು ಬೇಕಾದರೂ ಕಲಿಸಿ. ಈಗ ಅರಚ್ತಿದ್ದಾಳಲ್ಲ, ಅದೊಂದನ್ನ ಮರೆಸಬೇಡಿ” ಅಂದರು. ಹುಡುಗಿ ಟೀಚರಮ್ಮನ ಕೈ ಕಚ್ಚಿತು. ಹಲ್ಲು ಗಟ್ಟಿಯಾಗಿದ್ದವು.

ಒಂದು ಗಂಟೆಯೊಳಗೆ ಸೀಮೆಯ ನೆಗಡಿಯೆಲ್ಲ ವಾಸಿಯಾಯಿತು. ದೊಡ್ಡವರೇ ಮೊಮ್ಮಗಳನ್ನು ಹೊತ್ತು ತಂದು ಬಿಟ್ಟಿರುವಾಗ ತಮ್ಮ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡರೆ ಅವರಿಗೆ ಅವಮಾನ ಮಾಡಿದ ಹಾಗಲ್ಲವೇ? ಅತ್ತೆಯರು ಊರಿಗೆ ಹೋದರು, ನಾದಿನಿಯರು ಮಾಯವಾದರು. ಛತ್ರಿಯ ಹುಡುಗಿ ಓಡಿಬಂದು ತನ್ನ ಮೊಳೆಯ ಕೆಳಗೆ ನಿಂತಳು. ಬೇಕರಿಯಾಕೆ ಮಗನನ್ನೂ ಟವೆಲನ್ನೂ ತಂದು, ‘ಒಣಗೋದು ಸ್ವಲ್ಪ ತಡ ಆಯ್ತು ಟೀಚರಮ್ಮ’ ಅಂದಳು. ಅವಳ ಮುಖಕ್ಕೆ ಉಗುಳಬೇಕು ಅನ್ನಿಸಿದರೂ ಟೀಚರಮ್ಮ ಟವೆಲನ್ನು ಮೊಳೆಗೆ ಹಾಕಿದಳು. ವಕೀಲರ ಪ್ರಶ್ನೆ ವಕೀಲರ ಜೇಬಿನಲ್ಲೇ ಉಳಿಯಿತು.

ಹತ್ತು ಗಂಟೆಗೆ ಆಯಮ್ಮ ಲೋಟಗಳಲ್ಲಿ ಹಾಲು ತಂದಿಟ್ಟಳು. ಮಕ್ಕಳೆಲ್ಲ ಸಾಲಾಗಿ ಚಾಪೆಯ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು, ಸದ್ದಿಲ್ಲದೆ ಕುಡಿಯತೊಡಗಿದರು. ದೊಡ್ಡವರ ಮೊಮ್ಮಗಳು ಲೋಟ ನೂಕಿತು.

“ಬೇಡ!”

ಆಯಮ್ಮ ನಾಲಿಗೆ ಕಚ್ಚಿಕೊಂಡಳು. ಟೀಚರಮ್ಮ ಲೋಟ ತೆಗೆದು ಬದಿಗಿಟ್ಟು, “ಬೇಡವಾ? ಸರಿ, ಬೇಡ ಬಿಡು” ಅಂದಳು.

ಎಲ್ಲ ಮಕ್ಕಳೂ ಅವಳನ್ನೇ ನೋಡುತ್ತಿದ್ದವು. ಬೇಕರಿಯಾಕೆಯ ಮಗ ಆ ಹುಡುಗಿಯನ್ನು ನೋಡಿದ, ತನ್ನ ಲೋಟ ನೋಡಿದ, ಅದನ್ನು ಮೆಲ್ಲಗೆ ಒಂದು ಬೆರಳಿನಷ್ಟು ಮುಂದೆ ಸರಿಸಿದ.

“ನಂಗೂ ಬೇಡ” ಎಂದು ಪಿಸುಗುಟ್ಟಿದ.

ಒಂದು ವರ್ಷದಿಂದ ದಿನಾ ಕೊನೆಯ ಹನಿಯವರೆಗೆ ಕುಡಿದು ಲೋಟ ತಿರುಗಿಸಿ ತೋರಿಸುತ್ತಿದ್ದ ಹುಡುಗ ಅವನು. ಎಷ್ಟು ಒಳ್ಳೆಯ ಮಗು ಅಂತ ಟೀಚರಮ್ಮ ಎಲ್ಲರ ಮುಂದೆ ಅವನನ್ನೇ ತೋರಿಸುತ್ತಿದ್ದಳು. ಅವಳು ಅವನ ಎದುರು ಕುಕ್ಕರುಗಾಲಲ್ಲಿ ಕೂತಳು.

“ಇವತ್ತು ಬೇಡವಾ ಪುಟ್ಟಾ?”

“ಯಾವತ್ತೂ ಬೇಡ. ವಾಂತಿ ಬರುತ್ತೆ.”

“ಮತ್ತೆ ಇಷ್ಟು ದಿನ ಯಾಕೋ ಹೇಳಲಿಲ್ಲ?”

ಹುಡುಗ ಕಣ್ಣರಳಿಸಿ ಅವಳನ್ನು ನೋಡಿದ. ಇಷ್ಟು ದೊಡ್ಡವಳಿಗೆ ಇಷ್ಟೂ ನೆನಪಿಲ್ಲವೇ ಅನ್ನುವ ಆಶ್ಚರ್ಯ ಅವನ ಮುಖದಲ್ಲಿತ್ತು.

“ನೀವೇ ಹೇಳಿಕೊಟ್ಟಿದ್ದಲ್ವಾ ಟೀಚರಮ್ಮ, ಒಳ್ಳೆ ಮಕ್ಕಳು ಬೇಡ ಅನ್ನಬಾರದು ಅಂತ.”

ಹೌದು, ಟೀಚರಮ್ಮನೇ ಹೇಳಿಕೊಟ್ಟಿದ್ದಳು. ಅವನಿಗೊಬ್ಬನಿಗಲ್ಲ, ಇದೇ ಚಾಪೆಯ ಮೇಲೆ ಕೂತು ಬೆಳೆದು ಈಗ ಕಾರ್ಖಾನೆಗೆ ಹೋಗುವವರಿಗೆ, ಸಮಿತಿಯಲ್ಲಿ ಕೈಯೆತ್ತುವವರಿಗೆ, ಎಲ್ಲರಿಗೂ. ಹುಡುಗ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ. ಅವಳು ಅವನ ಲೋಟ ಎತ್ತಿ ಆಯಮ್ಮನ ಕೈಗೆ ಕೊಟ್ಟು, ಉಳಿದ ಮಕ್ಕಳ ಕಡೆ ತಿರುಗಿ, “ಇನ್ನೂ ಯಾರ್ಯಾರಿಗೆ ಬೇಡ?” ಎಂದು ಕೇಳಿದಳು. ಆಮೇಲೆ ಒಂದೊಂದೇ ಲೋಟ ಕೆಳಗಿಟ್ಟ ಸದ್ದು ಕೇಳಿಸತೊಡಗಿತು.